ಗಂಡ ಕುಡಿತ ಬಿಟ್ಟು 19 ದಿನ. ಇನ್ನೆರಡು ವಾರಕ್ಕೆ ರೇಷ್ಮೆ ಗೂಡಿನ ಮಾರುಕಟ್ಟೆ. ನಾನೂ ಜತೆಗೆ ಹೋಗಲಾ?

ಶಿಡ್ಲಘಟ್ಟದ ಸೊಸೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬೇರೆಯವರು ಬರೆದದ್ದನ್ನು ಇಲ್ಲಿ ಓದುತ್ತಿದ್ದೆ, ನಾನು ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ. ಒಂದು ಬೆಳೆಗೆ 150 ಮೊಟ್ಟೆ ಮೇಯಿಸುತ್ತೇವೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಮ್ಮಲ್ಲಿ ಒಂದು ಮೊಟ್ಟೆ ಅನ್ನುತ್ತೇವೆ). ನನಗೆ ಮದುವೆಯಾಗಿ 17 ವರ್ಷ. ಮಗಳು ಹತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಜತೆಗೆ ಅತ್ತೆ ಇದ್ದಾರೆ.

ನಮ್ಮ ಮನೆಯವರು ಕುಡಿಯೋದು ಬಿಟ್ಟು ಇವತ್ತಿಗೆ 19 ದಿನ. ಹದಿನಾಲ್ಕು ವರ್ಷದಿಂದ ಕುಡಿಯುತ್ತಿದ್ದರು. ಮೊದಲು ಸಂಜೆ ಮಾತ್ರ. ಈಚೆಗೆ ಎರಡು ವರ್ಷದಿಂದ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿ ಬೇಕಿತ್ತು. ಕಾಫಿ ಲೋಟ ಹಿಡಿಯೋಕೆ ಕೈ ನಿಲ್ಲುತ್ತಿರಲಿಲ್ಲ, ಅದು ಒಳಗೆ ಹೋದ ಮೇಲೇ ನಿಲ್ಲುತ್ತಿತ್ತು.

ಹೋದ ಬೆಳೆಯಲ್ಲಿ ಏನಾಯಿತು ಅಂತ ಹೇಳಲೇಬೇಕು. ಹುಳು ತಿನ್ನೋದು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಎಷ್ಟು ತಿನ್ನುತ್ತವೆ ಅನ್ನೋದು ರೇಷ್ಮೆ ಮಾಡುವವರಿಗೆ ಗೊತ್ತು. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಏಳೆಂಟು ದಿನಕ್ಕೇ ಬೇಕು. ಅದೇ ಹೊತ್ತಿಗೆ ನಮ್ಮ ಚಿಕ್ಕಪ್ಪ ತೀರಿಕೊಂಡರು, ನಾನು ಒಂದು ರಾತ್ರಿ ತವರಿಗೆ ಹೋದೆ. ಅತ್ತೆಗೆ ಮಂಡಿ ನೋವು, ಸೊಪ್ಪಿನ ಹೊರೆ ಎತ್ತೋಕೆ ಆಗಲ್ಲ. ಇವರು ನೋಡಿಕೊಳ್ಳುತ್ತೇನೆ ಅಂದಿದ್ದರು. ಮಾರನೇ ದಿನ ಮಧ್ಯಾಹ್ನ ಬಂದು ಹುಳು ಮನೆ ಬಾಗಿಲು ತೆಗೆದೆ. ಹುಳು ಮೇಯುವಾಗ ತುಂತುರು ಮಳೆ ಬಿದ್ದ ಹಾಗೆ ಸದ್ದು ಇರುತ್ತದೆ. ಅವತ್ತು ಸದ್ದೇ ಇಲ್ಲ. ಒಣಗಿದ ಕಡ್ಡಿ ಮೇಲೆ ಹುಳು ತಲೆ ಎತ್ತಿಕೊಂಡು ಕಾಯುತ್ತಿದ್ದವು. ಇವರು ಸೊಪ್ಪಿನ ಕೋಣೆಯಲ್ಲಿ ಮಲಗಿದ್ದರು. ಪಕ್ಕದಲ್ಲಿ ಮೂರು ಖಾಲಿ ಟೆಟ್ರಾ ಪ್ಯಾಕು.

ನೂರು ಕೆಜಿ ಹತ್ತಿರ ಆಗಬೇಕಿದ್ದ ಗೂಡು 38 ಕೆಜಿ ಆಯಿತು. ನಾನು ಒಂದು ಮಾತೂ ಬೈಯಲಿಲ್ಲ, ಬೈಯೋಕೆ ಶಕ್ತಿ ಇರಲಿಲ್ಲ. ಆ ಗೂಡು ಮಾರುಕಟ್ಟೆಗೆ ಹಾಕಿ ಬಂದ ಐದನೇ ದಿನ ಇವರೇ ಬಂದು "ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು" ಅಂದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ ಅಂತ ಆಶಾ ಕಾರ್ಯಕರ್ತೆ ಅಕ್ಕ ಹೇಳಿದ್ದರು. ಹೋದೆವು. ರಕ್ತ ಪರೀಕ್ಷೆ ಮಾಡಿಸಿ, ನಡುಕಕ್ಕೆ ಹತ್ತು ದಿನ ಇಳಿಸುತ್ತಾ ಹೋಗುವ ಮಾತ್ರೆ ಕೊಟ್ಟರು. ಜತೆಗೆ ಬಿ1 ಇಂಜೆಕ್ಷನ್, ಆಮೇಲೆ ಬಿ1 ಮಾತ್ರೆ. ಮೊದಲ ಮೂರು ದಿನ ಕಷ್ಟ ಆಯಿತು, ಬೆವರು, ವಾಂತಿ. ಆದರೆ ಕಳೆದವು.

ಮೂರು ವರ್ಷದ ಹಿಂದೆ ಇವರ ಅಣ್ಣ ನಾಲ್ಕು ಜನರನ್ನು ಕರೆತಂದು, ಕೈ ಕಟ್ಟಿ ಕಾರಿಗೆ ಹಾಕಿ ಒಂದು ಖಾಸಗಿ ಕೇಂದ್ರಕ್ಕೆ ಬಿಟ್ಟಿದ್ದರು. ಒಂದು ತಿಂಗಳು. ಅಲ್ಲಿ ಹೊಡೆದರಂತೆ. ವಾಪಸು ಬಂದ ರಾತ್ರಿಯೇ ಕುಡಿದರು, ಇವತ್ತಿಗೂ ಅಣ್ಣನ ಜತೆ ಮಾತಿಲ್ಲ. ಈ ಸಲ ತಾವಾಗಿಯೇ ಕೇಳಿದ್ದಾರೆ. ಅದಕ್ಕೇ ನನಗೆ ಭಯ ಜಾಸ್ತಿ. ಇದೂ ಕೈ ತಪ್ಪಿ ಹೋದರೆ?

ಈಗ ನನ್ನ ಸಮಸ್ಯೆ.

ಒಂದು, ಅತ್ತೆ ಫೋನಿನಲ್ಲಿ ಜಾಹೀರಾತು ನೋಡಿ 2,400 ರೂಪಾಯಿಗೆ ಒಂದು ಪುಡಿ ತರಿಸಿದ್ದಾರೆ. ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸಬೇಕಂತೆ, ಕುಡಿದರೆ ವಾಂತಿ ಬರುತ್ತದಂತೆ. ಮಗ ಉಳಿಯಲಿ ಅಂತ ಅವರ ಆಸೆ, ತಪ್ಪು ಹೇಳೋಕೆ ಆಗಲ್ಲ. ಪೊಟ್ಟಣ ಈಗ ಸಾಸಿವೆ ಡಬ್ಬದ ಹಿಂದೆ ಇದೆ. ದಿನಾ ಅಡುಗೆ ಮಾಡುವಾಗ ನನ್ನ ಕೈ ಅಲ್ಲಿಗೆ ಹೋಗಿ ಬರುತ್ತದೆ.

ಎರಡು, ಈಗ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಲೆಕ್ಕ ಹಾಕಿದರೆ ಇನ್ನೆರಡು ವಾರಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಬೇಕು. ನಮ್ಮೂರಿನ ನಾಲ್ಕು ಮನೆಯವರು ಒಂದೇ ಗೂಡ್ಸ್ ಆಟೋದಲ್ಲಿ ಹೋಗುತ್ತಾರೆ. ಹರಾಜು ಮುಗಿದ ಮೇಲೆ ನಾಲ್ಕೂ ಜನ ಬಾರಿಗೆ ಹೋಗೋದು ವರ್ಷಗಳಿಂದ ರೂಢಿ. ರೇಟು ಸಿಕ್ಕರೆ ಖುಷಿಗೆ, ಸಿಗದಿದ್ದರೆ ಬೇಜಾರಿಗೆ. ಈಗ ದುಡ್ಡು ಖಾತೆಗೆ ಬರುತ್ತದೆ ನಿಜ, ಆದರೆ ಫೋನ್ ಪೇ ಜೇಬಿನಲ್ಲೇ ಇರುತ್ತದಲ್ಲ. ಗೂಡು ಹಾಕೋಕೆ ನಮ್ಮ ಕಡೆ ಹೆಂಗಸರು ಹೋಗೋದು ಕಮ್ಮಿ. ನಾನು ಹೋದರೆ ಅವರಿಗೆ ಅವಮಾನ ಆಗುತ್ತಾ? ಹೋಗದಿದ್ದರೆ ನನ್ನ ಎದೆ ನಿಲ್ಲಲ್ಲ.

ಮೂರು, ಮಾರುಕಟ್ಟೆ ಆಗಿ ಎರಡೇ ದಿನಕ್ಕೆ ಮಹಾಲಯ ಅಮಾವಾಸ್ಯೆ. ನಮ್ಮ ಮಾವನಿಗೆ ಎಡೆ ಇಡಬೇಕು. ಅವರೂ ಕುಡಿಯುತ್ತಿದ್ದರು. ಪ್ಯಾಕೆಟ್ ಸಾರಾಯಿ ಕಾಲದವರು, 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ವಿಸ್ಕಿಗೆ ಬಂದರು. ಪ್ರತಿ ವರ್ಷ ಎಡೆಗೆ ಮುದ್ದೆ, ಮಟನ್ ಸಾರು, ವಡೆ, ಬೀಡಿ ಕಟ್ಟು, ಒಂದು ಕ್ವಾರ್ಟರ್ ಇಡುತ್ತೇವೆ. ಪೂಜೆ ಆದ ಮೇಲೆ ಆ ಕ್ವಾರ್ಟರ್ ಕುಡಿಯೋದು ಮಗ. ಇಡದಿದ್ದರೆ ಹಿರಿಯರು ಮುನಿಸಿಕೊಳ್ಳುತ್ತಾರೆ ಅಂತಾರೆ ಅತ್ತೆ.

ಇನ್ನೊಂದು ಮಾತು, ಇದನ್ನು ಯಾರ ಹತ್ತಿರವೂ ಹೇಳಿಲ್ಲ. ರಾತ್ರಿ ಇವರು ಮಲಗಿದ ಮೇಲೆ ಬಾಯಿ ಹತ್ತಿರ ಹೋಗಿ ವಾಸನೆ ನೋಡುತ್ತೇನೆ. ಅಂಗಿ ಜೇಬು, ಬೈಕಿನ ಡಬ್ಬ, ಸೊಪ್ಪಿನ ಕೋಣೆ ಎಲ್ಲಾ ಹುಡುಕುತ್ತೇನೆ. ಮೊನ್ನೆ ಹತ್ತು ನಿಮಿಷ ತಡ ಆಗಿದ್ದಕ್ಕೆ ಗೇಟಿನ ಹತ್ತಿರ ನಿಂತಿದ್ದೆ. ಮಗಳು ಬಂದು, "ಅಮ್ಮ, ಅಪ್ಪ ಕುಡೀತಿದ್ದಾಗಲೂ ನೀನು ಹೀಗೇ ನಿಂತಿರ್ತಿದ್ದೆ" ಅಂದಳು. ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಅನುಭವ ಇರುವವರು ದಯವಿಟ್ಟು ಹೇಳಿ.

ಕೋಲಾರದ ನರ್ಸಮ್ಮ ಬರೆದದ್ದು:

ಮಗಳೇ, ಮೊದಲು ಆ ಪೊಟ್ಟಣದ ವಿಷಯ. ಈಗಲೇ ಎದ್ದು ಹೋಗಿ ಅದನ್ನು ತೆಗೆದಿಡು. ಅಡುಗೆ ಮನೆಯಲ್ಲಿ ಇರುವುದೇ ಬೇಡ.

ನಾನು 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಇಂಥ ಪುಡಿಗಳಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ಕೆಲವಕ್ಕೆ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಹಾಕಿರಬಹುದು ಅನ್ನೋದು ನನ್ನ ಭಯ. ಆ ಮಾತ್ರೆ ಕೆಟ್ಟದ್ದಲ್ಲ. ಡಾಕ್ಟರು ಬರೆದುಕೊಟ್ಟು, ರೋಗಿ ಒಪ್ಪಿ, ಗೊತ್ತಿದ್ದು ತೆಗೆದುಕೊಂಡರೆ ಕೆಲವರಿಗೆ ಒಳ್ಳೆಯದು ಮಾಡಿದೆ. ಅದು ಕೆಲಸ ಮಾಡುವ ರೀತಿ ಹೇಳುತ್ತೇನೆ. ಕುಡಿದದ್ದು ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತದೆ, ಆಮೇಲೆ ಆ ವಿಷ ಒಡೆದು ಹೋಗುತ್ತದೆ. ಮಾತ್ರೆ ಈ ಎರಡನೇ ಕೆಲಸವನ್ನು ತಡೆಯುತ್ತದೆ. ಆಗ ಕುಡಿದರೆ ವಿಷ ಮೈಯಲ್ಲೇ ನಿಂತು ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಹೋಗುತ್ತದೆ. ಹೃದಯ ವೀಕ್ ಇದ್ದವರಿಗೆ ಜೀವಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಇದೆ.

ನನ್ನ ಡ್ಯೂಟಿಯಲ್ಲೇ ಒಬ್ಬರನ್ನು ಕರೆತಂದರು. ಹೆಂಡತಿ ಸಾರಿನಲ್ಲಿ ಬೆರೆಸಿ ಕೊಡುತ್ತಿದ್ದರು, ಗಂಡನಿಗೆ ಗೊತ್ತಿಲ್ಲ. ಒಂದು ಮದುವೆಯಲ್ಲಿ ಕುಡಿದು ಅಲ್ಲೇ ಕುಸಿದರು. ನಾಲ್ಕು ದಿನ ಐಸಿಯುನಲ್ಲಿ ಇದ್ದು ಉಳಿದರು. ಆದರೆ ಅವತ್ತಿನಿಂದ ಹೆಂಡತಿ ಬಡಿಸಿದ ಊಟ ಮುಟ್ಟಲಿಲ್ಲ, ಹೋಟೆಲಿನಲ್ಲಿ ತಿನ್ನುತ್ತಿದ್ದರು. ಆ ತಾಯಿ ವಾರ್ಡಿನ ಹೊರಗೆ ಕೂತು ಅತ್ತದ್ದು ನನಗಿನ್ನೂ ನೆನಪಿದೆ. ನಿಮ್ಮ ಅತ್ತೆಗೆ ಇದನ್ನು ಓದಿ ಹೇಳು. ಅವರಿಗೆ ಬೇಕಾದ್ದು ಮಗನ ಜೀವ ತಾನೇ. ಕುಡಿಯಬೇಕು ಅನ್ನುವ ಸೆಳೆತ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ. ಮುಂದಿನ ಮಂಗಳವಾರ ಡಾಕ್ಟರನ್ನು ಕೇಳಿ, ಅವರು ಲಿವರ್ ರಿಪೋರ್ಟ್ ನೋಡಿ ಹೇಳುತ್ತಾರೆ.

ಇನ್ನು ಈ ಪುಟ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಈ ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋದಳಲ್ಲ, ಅದೇ ಸರಿ. ದಿನಾ ಬೆಳಿಗ್ಗೆಯಿಂದ ಕುಡಿಯುವವರು ಮನೆಯಲ್ಲಿ ಸುಮ್ನೆ ಒಂದೇ ಸಲ ನಿಲ್ಲಿಸಬಾರದು. ಕೊನೆಯ ಲೋಟದಿಂದ ಆರೆಂಟು ಗಂಟೆಗೆ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತದೆ. ಇಲ್ಲದ ಹುಳು ಹುಪ್ಪಟೆ ಕಾಣುತ್ತದೆ, ಜಾಗ ಗೊತ್ತಾಗಲ್ಲ, ಜ್ವರ ಏರುತ್ತದೆ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸೋಕೆ ಹೋಗಿ ಹೊತ್ತು ಕಳೆದು ತಂದವರನ್ನು ನೋಡಿದ್ದೇನೆ. ಹಾಗೆ ಕಂಡರೆ 108ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ.

ನಿಮ್ಮವರು ಆ ಘಟ್ಟ ದಾಟಿದ್ದಾರೆ. ನಿದ್ದೆ ಸರಿಹೋಗಲು ಇನ್ನೂ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಸಿಹಿ ಕೇಳುತ್ತಿರಬೇಕು ಅಲ್ವಾ? ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಕಡಲೆಕಾಯಿ ಬೆಲ್ಲ ಕೊಡು. ಹೊಟ್ಟೆ ಖಾಲಿ ಬಿಡಬೇಡ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದಿದ್ದಾಗ ಸೆಳೆತ ಜಾಸ್ತಿ ಅಂತ ನಮಗೆ ತರಬೇತಿಯಲ್ಲಿ ಹೇಳುತ್ತಿದ್ದರು. ಗೂಡಿನ ದಿನ ನಾಲ್ಕೂ ಒಟ್ಟಿಗೆ ಇರುತ್ತವೆ ಅಂತ ನನಗನ್ನಿಸುತ್ತದೆ.

ಚಿಂತಾಮಣಿ ಡ್ರೈವರ್ ಬರೆದದ್ದು:

ಅಕ್ಕ, ನಾನು ಆ ಕಡೆಯವನು. ಅಂದರೆ ಕುಡಿದವನು. 2020ರ ಫೆಬ್ರವರಿಯಿಂದ ಮುಟ್ಟಿಲ್ಲ. ಟೊಮೆಟೊ ಲೋಡು ಹೊಡೆಯುವ ಕೆಲಸ. ಸೀಸನ್ನಿನಲ್ಲಿ ಕೋಲಾರ ಎಪಿಎಂಸಿ, ಚೆನ್ನೈ ಕಡೆಗೆಲ್ಲಾ ಹೋಗುತ್ತೇನೆ.

2019ರಲ್ಲಿ ಧರ್ಮಸ್ಥಳ ಯೋಜನೆಯವರು ನಮ್ಮ ಕಡೆ ಮದ್ಯವರ್ಜನ ಶಿಬಿರ ಮಾಡಿದ್ದರು. ಎಂಟು ದಿನ ಅಲ್ಲೇ ಇರಬೇಕು. ಬೆಳಿಗ್ಗೆ ಯೋಗ, ಆಮೇಲೆ ಭಜನೆ, ಮಾತುಕತೆ. ಒಂದು ದಿನ ಮನೆಯವರನ್ನೂ ಕರೆಸಿದ್ದರು. ನನ್ನ ಹೆಂಡತಿ ಎಲ್ಲರ ಮುಂದೆ ಎದ್ದು ನಿಂತು, "ಇವರು ಮನೆಗೆ ಬರೋ ಸದ್ದು ಕೇಳಿದರೆ ಮಗ ಮಂಚದ ಕೆಳಗೆ ಹೋಗ್ತಾನೆ" ಅಂದಳು. ನನಗೆ ಅದು ಗೊತ್ತೇ ಇರಲಿಲ್ಲ. ಮಗ ಆಟ ಆಡ್ತಾನೆ ಅಂದುಕೊಂಡಿದ್ದೆ.

ಶಿಬಿರದಿಂದ ಬಂದು ನಾಲ್ಕು ತಿಂಗಳು ಚೆನ್ನಾಗಿದ್ದೆ. ಆಮೇಲೆ ಒಂದು ರಾತ್ರಿ ಬಿದ್ದೆ. ಕಾರಣ ದೊಡ್ಡದೇನೂ ಇಲ್ಲ. ಲೋಡು ಇಳಿಸಿದ್ದೆ, ಬಾಡಿಗೆ ಸರಿಯಾಗಿ ಕೊಡಲಿಲ್ಲ, ಊಟ ಮಾಡಿರಲಿಲ್ಲ. ಒಂದು ಕ್ವಾರ್ಟರ್ ಅಂತ ಹೋದವನು ಎರಡು ದಿನ ಮನೆಗೆ ಬರಲಿಲ್ಲ. ಬಂದಾಗ ಹೆಂಡತಿ ಬಾಗಿಲು ತೆಗೆದು, "ಊಟ ಮಾಡಿ ಮಲಗಿ. ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ" ಅಂದಳು. ಅಷ್ಟೇ. ನಾನು ಬೈಗುಳಕ್ಕೆ ಉತ್ತರ ರೆಡಿ ಮಾಡಿಕೊಂಡು ಬಂದಿದ್ದೆ. ಬೈದಿದ್ದರೆ ಜಗಳ ಮಾಡಿ ವಾಪಸು ಬಾರಿಗೆ ಹೋಗುತ್ತಿದ್ದೆ. ಅವತ್ತೇ ಕೊನೆ.

ಆಮೇಲೆ ಲಾಕ್‌ಡೌನ್ ಬಂತು, ಅಂಗಡಿ ಮುಚ್ಚಿದವು. ಮೇ 4ಕ್ಕೆ ತೆರೆದಾಗ ನಮ್ಮ ರಸ್ತೆಯ ವೈನ್ ಶಾಪ್ ಮುಂದೆ ಬಿಸಿಲಲ್ಲಿ ಸಾಲು. ನಾನು ಮಹಡಿ ಮೇಲೆ ನಿಂತು ನೋಡುತ್ತಿದ್ದೆ. ಸಾಲಿನಲ್ಲಿ ನನ್ನ ಗೆಳೆಯರಿದ್ದರು, ಕೈ ಬೀಸಿ ಕರೆದರು. ಹೆಂಡತಿ ಏನೂ ಮಾತಾಡದೆ ಪಕ್ಕಕ್ಕೆ ಬಂದು ಬಟ್ಟೆ ಒಣಗಿ ಹಾಕುತ್ತಾ ನಿಂತಳು. ಅರ್ಧ ಗಂಟೆಯಲ್ಲಿ ಆ ಎಳೆತ ಹೋಯಿತು. ಅದು ಹಾಗೇ ಅಕ್ಕ, ಮೇಲೆ ಏರುತ್ತೆ, ನಿಂತು ಕಾದರೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತೆ. ಆ ಹೊತ್ತಿಗೆ ಕೈಗೊಂದು ಕೆಲಸ ಬೇಕು, ಪಕ್ಕದಲ್ಲಿ ಒಬ್ಬರು ಬೇಕು.

ವಾಸನೆ ನೋಡೋ ವಿಷಯ. ನಿಮ್ಮವರಿಗೆ ಗೊತ್ತಿದೆ ಅಕ್ಕ. ನನಗೂ ಗೊತ್ತಾಗುತ್ತಿತ್ತು, ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದೆ. ಕುಡಿದಿಲ್ಲದಾಗ ಹಾಗೆ ನೋಡಿದರೆ ಬಹಳ ನೋವಾಗುತ್ತೆ. ನೀವು ಅದನ್ನು ಒಂದೇ ದಿನದಲ್ಲಿ ನಿಲ್ಲಿಸೋಕೆ ಆಗಲ್ಲ, ಹದಿನಾಲ್ಕು ವರ್ಷ ನಿಮ್ಮನ್ನು ಹಾಗೆ ಮಾಡಿದೆ. ಅವರಿಗೇ ಹೇಳಿಬಿಡಿ, "ನನಗೆ ಭಯ ಆಗುತ್ತೆ, ಅದಕ್ಕೆ ನೋಡ್ತೀನಿ" ಅಂತ.

ಮಾರುಕಟ್ಟೆಗೆ ಹೋಗಬೇಕಾ ಅಂತ ನಮ್ಮನ್ನು ಕೇಳುವ ಬದಲು ಅವರನ್ನೇ ಕೇಳಿ. ನನ್ನನ್ನು ಯಾರಾದರೂ ಕೇಳಿದ್ದರೆ, "ಬಾ, ಆದರೆ ಕಾಯೋಕೆ ಬರಬೇಡ, ಕೆಲಸಕ್ಕೆ ಬಾ" ಅನ್ನುತ್ತಿದ್ದೆ. ಆ ನಾಲ್ಕು ಜನರ ಆಟೋ ಬಿಟ್ಟು ಬೇರೆ ಗಾಡಿ ಮಾಡಿ. ಐನೂರು ಸಾವಿರ ಜಾಸ್ತಿ ಆಗಲಿ. ಹೊರಡುವಾಗ ಹೊಟ್ಟೆ ತುಂಬಾ ಊಟ. ಹರಾಜು ಮುಗಿದ ಕೂಡಲೇ ಹೊರಡೋಕೆ ಒಂದು ಕೆಲಸ ಇಟ್ಟುಕೊಂಡಿರಿ, ಮಗಳ ಪುಸ್ತಕವೋ ಚಪ್ಪಲಿಯೋ ಏನಾದರೂ.

ತುಮಕೂರು ಅಕ್ಕ ಬರೆದದ್ದು:

ಮೇಲಿನ ತಮ್ಮ ಒಳ್ಳೆಯ ಮನಸ್ಸಿನಿಂದ ಬರೆದಿದ್ದಾರೆ. ಅವರ ಹೆಂಡತಿ ಬಾಗಿಲು ತೆಗೆದರು, ಅವರು ಉಳಿದರು. ನಾನು ಹನ್ನೊಂದು ವರ್ಷ ಹಾಗೇ ಬಾಗಿಲು ತೆಗೆದೆ. ನಮ್ಮವರು 2017ರಲ್ಲಿ ಹೋದರು. ಲಿವರ್. ಹಾಗಾಗಿ ಹೆಂಡತಿ ಹೇಗೆ ನಡೆದುಕೊಂಡಳು ಅನ್ನೋದರ ಮೇಲೆ ಗಂಡನ ಕುಡಿತ ನಿಲ್ಲುತ್ತೆ ಅಂತ ಯಾರೂ ಅಂದುಕೊಳ್ಳಬಾರದು. ಅವರು ಹೋದ ಮೇಲೆ ನಾನು ಎರಡು ವರ್ಷ ಅದೇ ಲೆಕ್ಕ ಹಾಕುತ್ತಿದ್ದೆ, ಅವತ್ತು ಹಾಗೆ ಅಂದಿದ್ದರೆ, ಇವತ್ತು ಹೀಗೆ ಮಾಡಿದ್ದರೆ ಅಂತ. ತಂಗಿ, ಆ ಲೆಕ್ಕ ನಿನ್ನ ತಲೆ ಮೇಲೆ ಹಾಕಿಕೊಳ್ಳಬೇಡ. ಅವರು ಬಿಟ್ಟರೆ ಅದು ಅವರ ಶ್ರಮ. ಮತ್ತೆ ಬಿದ್ದರೆ ಅದಕ್ಕೆ ನೀನು ಮಾರುಕಟ್ಟೆಗೆ ಹೋಗದ್ದು ಕಾರಣ ಆಗಲ್ಲ.

ನಿನ್ನದೊಂದು ಖಾತೆ ಇದೆಯಾ? ಗೂಡಿನ ದುಡ್ಡಲ್ಲಿ ಮಕ್ಕಳ ಫೀಸು, ರೇಷನ್ನಿನಷ್ಟು ಅದಕ್ಕೆ ಹಾಕಿಸಿಕೋ. ಅವರು ಒಳ್ಳೆಯ ಮನಸ್ಸಿನಲ್ಲಿ ಇರುವಾಗಲೇ ಮಾತಾಡು, ಇಬ್ಬರೂ ಒಪ್ಪಿ ಮಾಡಿ. ಯಾವತ್ತಾದರೂ ಕೈ ಮಾಡಿದರೆ ಅದು ಕಾಯಿಲೆ ಅಂತ ಸಹಿಸಿಕೊಂಡು ಕೂರಬೇಡ. 181 ಮಹಿಳಾ ಸಹಾಯವಾಣಿ ಇದೆ, 112 ಇದೆ.

ನೀನು ಹೋದ ವಾರ ಎಷ್ಟು ಗಂಟೆ ನಿದ್ದೆ ಮಾಡಿದೆ ಅಂತ ಬರೆದಿಲ್ಲ. ಅವರ ಸಿಹಿ, ನಿದ್ದೆ, ಸಿಟ್ಟು ಎಲ್ಲಾ ಗೊತ್ತು ನಿನಗೆ, ನಿನ್ನದು ಗೊತ್ತಿಲ್ಲ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರು ಮಾತ್ರ ಅಲ್ಲ, ನೀನೇ ನಿನಗೋಸ್ಕರ ಮಾಡಬಹುದು. ಕುಡಿತ ಬಿಡುವವರಿಗೆ ಅಂತಲೇ ಇರೋದು 14446. ಕುಡಿಯುವವರ ಮನೆಯವರಿಗೆ ಆಲ್-ಅನಾನ್ ಅಂತ ಗುಂಪು ಇದೆ, 1951ರಲ್ಲಿ ಅಮೆರಿಕದಲ್ಲಿ ಕುಡುಕರ ಹೆಂಡತಿಯರು ಶುರು ಮಾಡಿದ್ದು. ನಾನು ಬೆಂಗಳೂರಿನಲ್ಲಿ ಹೋಗುತ್ತಿದ್ದೆ. ಮೊದಲ ದಿನ ಒಬ್ಬರು ಎದ್ದು, ಗೇಟಿನ ಸದ್ದಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ಹೇಳಿದರು. ನಾನು ಒಂದು ಮಾತೂ ಆಡದೆ ಅತ್ತುಬಿಟ್ಟೆ. ನನ್ನ ಹಾಗೆ ಗೇಟಿಗೆ ಕಿವಿ ಕೊಟ್ಟವರು ಬೇರೆಯವರೂ ಇದ್ದಾರೆ ಅಂತ ಗೊತ್ತಾಗೋಕೆ ನನಗೆ ಅಷ್ಟು ವರ್ಷ ಬೇಕಾಯಿತು.

ಮಗಳಿಗೆ ಈ ವರ್ಷ ಎಸ್‌ಎಸ್‌ಎಲ್‌ಸಿ. ಅವಳ ಜತೆ ದಿನಾ ಹತ್ತು ನಿಮಿಷ ಕೂತುಕೋ, ಅಪ್ಪನ ವಿಷಯ ಬಿಟ್ಟು ಬೇರೆ ಮಾತಾಡು.

ಮಾಲೂರು ಮನೆಮಗ ಬರೆದದ್ದು:

ಎಡೆ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲೂ ತಾತನಿಗೆ ಬಾಟಲಿ ಇಡುತ್ತಿದ್ದರು. ನಮ್ಮಪ್ಪ ಕುಡಿತ ಬಿಟ್ಟ ವರ್ಷ ಅಜ್ಜಿಯೇ ನಿಲ್ಲಿಸಿದರು. ತಾತನಿಗೆ ಇನ್ನೇನು ಇಷ್ಟ ಇತ್ತು ಅಂತ ನೆನಪು ಮಾಡಿಕೊಂಡು, ಬೆಲ್ಲದ ಕಾಫಿ, ಸುಟ್ಟ ಜೋಳ ಇಟ್ಟರು. ಎಡೆ ಮುಂದೆ ನಿಂತು ಅಜ್ಜಿ ಜೋರಾಗಿಯೇ, "ನಿನ್ನ ಮಗ ಬಿಟ್ಟವನೆ, ನೀನೂ ಬಿಡು" ಅಂದರು. ಆಮೇಲೆ ಯಾವ ವರ್ಷವೂ ಇಟ್ಟಿಲ್ಲ. ನಿಮ್ಮ ಅತ್ತೆಯ ಹತ್ತಿರ ಮಾವನ ಬಗ್ಗೆ ಮಾತಾಡಿ ನೋಡಿ. ಬಾಟಲಿ ಬೇಡ ಅಂತ ಶುರು ಮಾಡಬೇಡಿ. ಅವರಿಗೆ ಏನೇನು ಇಷ್ಟ ಇತ್ತು ಅಂತ ಕೇಳಿ.

ಶಿಡ್ಲಘಟ್ಟದ ಸೊಸೆ ಬರೆದದ್ದು:

ಎಲ್ಲರಿಗೂ ಕೈ ಮುಗಿಯುತ್ತೇನೆ. ನರ್ಸಮ್ಮನವರು ಬರೆದದ್ದನ್ನು ರಾತ್ರಿಯೇ ಅತ್ತೆಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಪೊಟ್ಟಣ ಇರಲಿಲ್ಲ. ತಿಪ್ಪೆ ಪಕ್ಕ ಗುಂಡಿ ತೋಡಿ ಹೂತಿದ್ದಾರಂತೆ, ಕೋಳಿ ಕೆದಕಬಾರದು ಅಂತ ಮೇಲೆ ಕಲ್ಲು ಇಟ್ಟಿದ್ದಾರೆ. ತುಮಕೂರು ಅಕ್ಕ, ನೀವು ಕೇಳಿದ ಮೇಲೆ ಲೆಕ್ಕ ಹಾಕಿದೆ. ರಾತ್ರಿಗೆ ಮೂರು ಗಂಟೆ ಮಲಗುತ್ತಿದ್ದೆ ಅಷ್ಟೇ. ಈಗ ಹುಳು ಎದ್ದಿವೆ, ಸೊಪ್ಪಿನ ಕೆಲಸ ಶುರು. ಮಾರುಕಟ್ಟೆ ಆದ ಮೇಲೆ ಬರೆಯುತ್ತೇನೆ.

ಶಿಡ್ಲಘಟ್ಟದ ಸೊಸೆ ಬರೆದದ್ದು (18 ದಿನದ ನಂತರ):

ಇವತ್ತಿಗೆ 37 ದಿನ.

ಚಿಂತಾಮಣಿ ತಮ್ಮ ಹೇಳಿದ ಹಾಗೆ ಇವರನ್ನೇ ಕೇಳಿದೆ. ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕುತ್ತಿದ್ದೆವು, ಇಬ್ಬರ ಕೈಯಲ್ಲೂ ಕೆಲಸ ಇತ್ತು, ಮುಖ ನೋಡಬೇಕಾಗಿರಲಿಲ್ಲ. ಅದಕ್ಕೇ ಕೇಳೋಕೆ ಆಯಿತು. "ನಾನು ಮಾರ್ಕೆಟ್ಟಿಗೆ ಬರಲಾ?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಾ ಅಂತ ನಾನೇ ಕೇಳೋಣ ಅಂತಿದ್ದೆ, ನಾಚಿಕೆ ಆಯ್ತು" ಅಂದರು. ಅದೇ ಮಾತಿಗೆ ನಾನು ವಾಸನೆ ನೋಡುವುದನ್ನೂ ಹೇಳಿಬಿಟ್ಟೆ. "ಗೊತ್ತು" ಅಂದರು. ಒಂದು ಸಾಲು ಪೂರ್ತಿ ಸೊಪ್ಪು ಹಾಕಿ ಮುಗಿಸಿದ ಮೇಲೆ, "ಇನ್ಮೇಲೆ ಮನೆಗೆ ಬಂದ ತಕ್ಷಣ ನಾನೇ ನಿನ್ನ ಹತ್ರ ಬಂದು ನಿಲ್ತೀನಿ" ಅಂದರು. ಹಾಗೇ ಮಾಡುತ್ತಿದ್ದಾರೆ. ಎರಡು ರಾತ್ರಿ ತಡೆಯಲಾಗದೆ ಮತ್ತೆ ಜೇಬು ನೋಡಿದೆ. ಬೆಳಿಗ್ಗೆ ನಾನೇ ಹೇಳಿದೆ.

ಗೂಡು 94 ಕೆಜಿ ಆಯಿತು. ಬೇರೆ ಗಾಡಿ ಮಾಡಿಕೊಂಡು ಹೋದೆವು. ಹರಾಜು ಮುಗಿದಾಗ ಆ ಮೂವರು ಬಂದು, "ಏನಪ್ಪಾ, ಹೆಂಡ್ತೀನ ಕಾವಲಿಗೆ ಕರ್ಕೊಂಡು ಬಂದಿದ್ದೀಯಾ" ಅಂತ ನಕ್ಕರು. ಇವರ ಮುಖ ಇಳಿಯಿತು. ನನ್ನ ಕಾಲು ನಡುಗಿತು. "ಮಗಳಿಗೆ ಗೈಡ್ ತಗೋಬೇಕು, ಅಂಗಡಿ ಮುಚ್ತಾರೆ" ಅಂತ ಇವರೇ ಹೇಳಿ ಹೊರಟರು. ಪುಸ್ತಕದ ಅಂಗಡಿಯಲ್ಲಿ ದುಡ್ಡು ಕೊಡುವಾಗ ಇವರ ಕೈ ನಡುಗುತ್ತಿತ್ತು. ಹೊರಗೆ ಬಂದು ಇಬ್ಬರೂ ಮೂರು ಮೂರು ಬಜ್ಜಿ ತಿಂದೆವು. ಮೊದಲು ಊಟ ಮಾಡಿಕೊಂಡೇ ಹೋಗಿದ್ದೆವು, ಆದರೂ ತಿಂದೆವು. ಮಾರನೇ ದಿನ ಬ್ಯಾಂಕಿಗೆ ಹೋಗಿ ಮನೆ ಖರ್ಚಿನಷ್ಟು ನನ್ನ ಖಾತೆಗೆ ಹಾಕಿದರು.

ಅಮಾವಾಸ್ಯೆ ದಿನ ಅತ್ತೆ ಎಡೆಗೆ ಬಾಟಲಿ ಇಡಲಿಲ್ಲ. ಮಾವನಿಗೆ ಏನೇನು ಇಷ್ಟ ಇತ್ತು ಅಂತ ಕೇಳಿದ್ದೆ. ಹುರುಳಿಕಾಳಿನ ಸಾರು ಅಂದರೆ ಪ್ರಾಣ, ಮದುವೆಯಾದ ಹೊಸದರಲ್ಲಿ ಮಾಡಿ ಹಾಕುತ್ತಿದ್ದೆ, ಕುಡಿತ ಹತ್ತಿದ ಮೇಲೆ ಊಟವೇ ಸೇರುತ್ತಿರಲಿಲ್ಲ ಅಂತ ಹೇಳಿ ಅತ್ತರು. ಅದನ್ನೇ ಮಾಡಿದರು.

ಆದರೆ ಅವತ್ತು ರಾತ್ರಿಯೇ ಕಷ್ಟ ಆಯಿತು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕುಡಿತ, ಗಲಾಟೆ. ಇವರು ಹನ್ನೊಂದು ಗಂಟೆಗೆ ಎದ್ದು ಕೂತು, "ಇವತ್ತು ನನ್ನ ಕೈಲಿ ಆಗ್ತಾ ಇಲ್ಲ ಕಣೆ" ಅಂದರು. ಅಂಗಿ ಆಗಲೇ ಹಾಕಿಕೊಂಡಿದ್ದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಚಂದ್ರಿಕೆ ತೊಳೆಯೋದು ಹಂಗೇ ಇದೆ" ಅಂದೆ. ಹುಳು ಗೂಡು ಕಟ್ಟೋ ತಟ್ಟೆ ಅದು. ಇಬ್ಬರೂ ಹುಳು ಮನೆಗೆ ಹೋದೆವು. ಬೆಳೆ ತೆಗೆದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಎಲ್ಲಾ ತೊಳೆಯಬೇಕಲ್ಲ, ಅದನ್ನು ಆ ಹೊತ್ತಿಗೆ ಶುರು ಮಾಡಿದೆವು. ನಾನು ನೀರು ಹಾಕಿದೆ, ಅವರು ಉಜ್ಜಿದರು. ಮಾತಿಲ್ಲ. ಅರ್ಧ ಗಂಟೆಗೆ ಹೋಗಲಿಲ್ಲ ಆ ಎಳೆತ, ಒಂದೂವರೆ ಗಂಟೆ ಬೇಕಾಯಿತು. ಒಂದು ಗಂಟೆ ರಾತ್ರಿಗೆ ಮಗಳು ಬಾಗಿಲಿಗೆ ಬಂದು ನೋಡಿದಳು. ಸ್ವಲ್ಪ ಹೊತ್ತು ನಿಂತಿದ್ದು, ಲಂಗ ಎತ್ತಿ ಸಿಕ್ಕಿಸಿಕೊಂಡು ಅವಳೂ ಒಂದು ಬ್ರಷ್ ತೆಗೆದುಕೊಂಡಳು.

ನಾಳೆ ಮಂಗಳವಾರ, ಆಸ್ಪತ್ರೆಗೆ ಹೋಗಬೇಕು. ಸೆಳೆತದ ಮಾತ್ರೆ ಬಗ್ಗೆ ಅವರೇ ಡಾಕ್ಟರನ್ನು ಕೇಳುತ್ತಾರಂತೆ. ನಾನೂ 14416ಕ್ಕೆ ಒಂದು ಸಲ ಮಾತಾಡಿದೆ. ಸೊಪ್ಪಿನ ಕೋಣೆಯಲ್ಲಿ ಕೂತು ಮಾತಾಡಿದೆ, ಇಪ್ಪತ್ತು ನಿಮಿಷ. ಮುಂದಿನ ವಾರ ಮತ್ತೆ ಮಾಡುತ್ತೇನೆ. ಚಾಕಿ ಹುಳು, ಅಂದರೆ ಮರಿ ಹುಳು, ಗುರುವಾರ ಬರುತ್ತವೆ, ಈ ಸಲವೂ 150 ಮೊಟ್ಟೆಯೇ ಹೇಳಿದ್ದೇವೆ.